ಮೂರನೇ ವಾರದ ಜ್ವರ

“ಸಕ್ಸಸ್ ಆಯ್ತಂತೆ, ನಾಳೆ ಮನೆಗೆ ಕಳಿಸ್ತಾರಂತೆ.” ಬೆಂಗಳೂರಿನ ಯಾವ ಹೃದ್ರೋಗ ಆಸ್ಪತ್ರೆಯ ಕಾರಿಡಾರಿನಲ್ಲಿ ಅರ್ಧ ಗಂಟೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಫೋನಿನ ಆ ಕಡೆಯವರು ತಕ್ಷಣ ಕೇಳುವುದು, “ಎಷ್ಟು ಬ್ಲಾಕ್ ಇತ್ತು? ಸ್ಟೆಂಟ್ ಎಷ್ಟು ಹಾಕಿದ್ರು?” ಹೃದಯದ ಕಾಯಿಲೆ ಅಂದರೆ ನಮ್ಮವರಿಗೆ ಬ್ಲಾಕ್, ಬ್ಲಾಕ್ ಅಂದರೆ ಸ್ಟೆಂಟ್. ಒಂದೂ ಬ್ಲಾಕ್ ಇಲ್ಲದೆ ಬಡಿತದ ಲಯ ಮಾತ್ರ ಕೆಡುವ ಕಾಯಿಲೆ ಇದೆ, ಅದಕ್ಕೆ ಅಬ್ಲೇಷನ್ ಅನ್ನುವ ಬೇರೆಯದೇ ಚಿಕಿತ್ಸೆ ಇದೆ ಎಂದು ಫೋನಿನಲ್ಲಿ ವಿವರಿಸಿ ಸಾಕಾಗಿ ಮನೆಯವರು “ಅದೇ, ಆಂಜಿಯೋ ಥರ” ಅಂದುಬಿಡುತ್ತಾರೆ. ಆ ಒಂದು ಮಾತು ಮುಂದಿನ ಎರಡು ತಿಂಗಳು ತೊಂದರೆ ಕೊಡುತ್ತದೆ. ಆಂಜಿಯೋ ಥರ ಅಂದುಕೊಂಡವರು ನಾಲ್ಕನೇ ದಿನಕ್ಕೆ ಊರ ಬಸ್ ಹತ್ತುತ್ತಾರೆ, ಹತ್ತನೇ ದಿನಕ್ಕೆ ಫೈಲನ್ನು ಬೀರುವಿನಲ್ಲಿಡುತ್ತಾರೆ, ಇಪ್ಪತ್ತನೇ ದಿನ ಜ್ವರ ಬಂದರೆ ಬೀದಿ ತುದಿಯ ಕ್ಲಿನಿಕ್ಕಿಗೆ ಹೋಗಿ ಜ್ವರ ಎಂದಷ್ಟೇ ಹೇಳುತ್ತಾರೆ.

ಅಬ್ಲೇಷನ್ ಎಂದರೆ ಬೇಕೆಂದೇ ಮಾಡುವ ಗಾಯ. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು ಏಟ್ರಿಯಲ್ ಫೈಬ್ರಿಲೇಷನ್, ಅಂದರೆ ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆಯ ಕಿಡಿ ಹೆಚ್ಚಾಗಿ ಹಾರುವುದು ಶ್ವಾಸಕೋಶದಿಂದ ಹೃದಯದ ಎಡ ಮೇಲ್ಕೋಣೆಗೆ ರಕ್ತ ತರುವ ಅಭಿಧಮನಿಗಳ ಬಾಯಿಂದ ಎಂದು ತೋರಿಸಿದರು. ಸಾಮಾನ್ಯವಾಗಿ ನಾಲ್ಕಿರುವ ಆ ಬಾಯಿಗಳ ಸುತ್ತ, ಕಿಡಿ ಕೋಣೆಗೆ ದಾಟದಿರಲೆಂದು, ಬೇಲಿ ಹಾಕಿದಂತೆ ಗಾಯದ ಉಂಗುರ ಎಳೆಯುವುದೇ ಈ ಚಿಕಿತ್ಸೆ. ಗಾಯ ಮಾಡುವುದು ರೇಡಿಯೋ ಫ್ರೀಕ್ವೆನ್ಸಿಯ ಬಿಸಿಯಿಂದ, ಕ್ರಯೋ ಬಲೂನಿನ ಹಿಮದಿಂದ, ಇಲ್ಲವೇ ಇತ್ತೀಚಿನ ಪಲ್ಸ್ಡ್ ಫೀಲ್ಡ್ ವಿದ್ಯುತ್ತಿನಿಂದ. ಹೇಗೇ ಮಾಡಲಿ, ಅದು ಮಾಯ್ದು ಗಟ್ಟಿ ಕಲೆಯಾಗಲು ಎಂಟು ಹತ್ತು ವಾರ ಬೇಕು. ಡಿಸ್ಚಾರ್ಜ್ ಆಗುವುದು ಎರಡನೇ ದಿನ, ಗಾಯ ಮಾಯುವುದು ಅರವತ್ತನೇ ದಿನ. ನಡುವಿನ ದಿನಗಳಲ್ಲಿ ತೊಡಕುಗಳು ಮನಬಂದಂತೆ ಬರುವುದಿಲ್ಲ, ಒಂದೊಂದಕ್ಕೂ ಅದರದೇ ಹೊತ್ತಿದೆ. ಅತಿ ಅಪಾಯದ್ದು ಬರುವುದು ಎಲ್ಲರೂ ಮರೆತಿರುವ ಹೊತ್ತಿನಲ್ಲಿ.

ತೊಡೆಸಂದಿನ ಆರು ಗಂಟೆ

ಮೊದಲ ದಿನದ ತೊಡಕು ಹೆಚ್ಚಾಗಿ ತೊಡೆಸಂದಿನದು, ಚಿಕಿತ್ಸೆಯ ಕೊಳವೆಗಳು ಹೃದಯಕ್ಕೆ ಹೋಗುವುದು ಅಲ್ಲಿಂದಲೇ. ಕೊಳವೆಗಳ ದಪ್ಪವನ್ನು ಫ್ರೆಂಚ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ಆಂಜಿಯೋಗೆ ಮಣಿಕಟ್ಟಿನಲ್ಲಿ ಹಾಕುವುದು 5 ಅಥವಾ 6 ಫ್ರೆಂಚಿನ ಕೊಳವೆ. ಅಬ್ಲೇಷನ್ನಿಗೆ ತೊಡೆಯ ದೊಡ್ಡ ಅಭಿಧಮನಿಯಲ್ಲಿ 8ರಿಂದ ಹಿಡಿದು 15 ಫ್ರೆಂಚಿನವರೆಗೆ, ಅದೂ ಎರಡು ಮೂರು ಕೊಳವೆ ಹೋಗುತ್ತವೆ. ಎಡ ಕೋಣೆಯೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರಬಾರದೆಂದು ಹೆಪಾರಿನ್ ಕೊಟ್ಟು, ಹೆಪ್ಪುಗಟ್ಟುವ ಸಮಯವನ್ನು 300 ಸೆಕೆಂಡಿನ ಮೇಲೆ ಇಟ್ಟಿರುತ್ತಾರೆ. ಅಷ್ಟು ತೆಳುವಾದ ರಕ್ತ, ಅಷ್ಟು ದೊಡ್ಡ ತೂತು. ಅದಕ್ಕೇ ಕಾಲು ಮಡಚದೆ ನಾಲ್ಕರಿಂದ ಆರು ಗಂಟೆ ಅಂಗಾತ ಮಲಗುವ ಶಿಕ್ಷೆ.

ವಾರ್ಡಿನ ಒಂದು ದೃಶ್ಯ ಕಣ್ಣಿಗೆ ಕಟ್ಟಿದಂತಿದೆ. ಎಪ್ಪತ್ತರ ಆಸುಪಾಸಿನ ಹಿರಿಯರು, ಹಾಸನದ ಕಡೆಯವರು. ಮೂರು ಗಂಟೆ ಮಲಗಿದ್ದಾರೆ. ಮೂತ್ರಕ್ಕೆ ಅವಸರ, ಆದರೆ ಮಲಗಿಕೊಂಡು ಪಾತ್ರೆಗೆ ಹೋಗಲು ಆಗುತ್ತಿಲ್ಲ. ಪ್ರಾಸ್ಟೇಟ್ ದಪ್ಪಗಿರುವ ವಯಸ್ಸಿನಲ್ಲಿ ಅರಿವಳಿಕೆಯ ನಂತರ ಇದು ಆಗಿಯೇ ಆಗುತ್ತದೆ ಅನ್ನುವಷ್ಟು ಸಾಮಾನ್ಯ. ಮಗಳು ಹತ್ತಿರ ಇದ್ದಾಳೆಂದು ಸಂಕೋಚಪಟ್ಟು ಹೇಳಲೂ ಇಲ್ಲ. ಮುಕ್ಕಿದರು, ಸೊಂಟ ಎತ್ತಿದರು. ಬೆಡ್‌ಶೀಟಿನ ಮೇಲೆ ಅಂಗೈ ಅಗಲದ ಕೆಂಪು ಹರಡಿತು, ಅದರ ಹಿಂದೆಯೇ ಮುಖ ಬಿಳುಚಿ ಬೆವರಿತು, ಮಾನಿಟರಿನಲ್ಲಿ ಬಡಿತ 44ಕ್ಕೆ ಇಳಿಯಿತು. ಓಡಿಬಂದ ನರ್ಸ್ ಬೆರಳಿಟ್ಟದ್ದು ರಕ್ತ ಜಿನುಗುವ ಚರ್ಮದ ತೂತಿನ ಮೇಲಲ್ಲ, ಅದಕ್ಕಿಂತ ಒಂದು ಬೆರಳಿನಗಲ ಮೇಲೆ. ಸೂಜಿ ಓರೆಯಾಗಿ ಮೇಲ್ಮುಖವಾಗಿ ಹೋಗಿರುತ್ತದೆ, ಹಾಗಾಗಿ ಒಳಗಿನ ತೂತು ಹೊರಗಿನದಕ್ಕಿಂತ ಮೇಲಿರುತ್ತದೆ. ಮೂರು ಬೆರಳು ಚಪ್ಪಟೆಯಾಗಿ ಒತ್ತಿ, ಒಮ್ಮೆಯೂ ತೆಗೆದು ನೋಡದೆ, ಗೋಡೆ ಗಡಿಯಾರ ನೋಡುತ್ತ ಹತ್ತು ನಿಮಿಷ ನಿಂತಳು. ಇನ್ನೊಬ್ಬಾಕೆ ಕಾಲನ್ನು ಎತ್ತಿ ಹಿಡಿದು ಸಲೈನ್ ಓಡಿಸಿದಳು, ಆಮೇಲೆ ಮೂತ್ರಕ್ಕೆ ನಳಿಗೆ ಹಾಕಿದರು. ಬಡಿತ ಬಿದ್ದದ್ದಕ್ಕೆ ಕಾರಣ ಹೃದಯದಲ್ಲಿರಲಿಲ್ಲ. ತುಂಬಿದ ಮೂತ್ರಕೋಶ, ಮುಕ್ಕಿದ್ದು, ನೋವು ಎಲ್ಲ ಸೇರಿ ಬಡಿತವನ್ನು ನಿಧಾನಿಸುವ ವೇಗಸ್ ನರ ಕೆರಳಿತ್ತು. ಅರ್ಧ ಗಂಟೆ ಮೊದಲು ಹೇಳಿದ್ದರೆ ಒಂದು ನಳಿಗೆಯಲ್ಲಿ ಮುಗಿಯುತ್ತಿತ್ತು.

ಕೆಮ್ಮುವಾಗ, ಸೀನುವಾಗ, ನಗುವಾಗಲೂ ತೊಡೆಸಂದಿನ ಮೇಲೆ ಅಂಗೈ ಒತ್ತಿ ಹಿಡಿಯಬೇಕು. ಇದನ್ನು ಮನೆಯವರಿಗೂ ಹೇಳಿಕೊಡಬೇಕು, ಏಕೆಂದರೆ ಮನೆಗೆ ಹೋಗುವ ದಾರಿಯಲ್ಲಿ ನಮ್ಮ ರಸ್ತೆಯುಬ್ಬುಗಳಿವೆ. ಮನೆಯಲ್ಲಿ ರಕ್ತ ಜಿನುಗಿದರೆ ಮಲಗಿಸಿ ಅದೇ ರೀತಿ ಹತ್ತು ನಿಮಿಷ ಒತ್ತುವುದು. ನಿಲ್ಲದಿದ್ದರೆ, ಅಥವಾ ಚಿಮ್ಮುತ್ತಿದ್ದರೆ, ಒತ್ತಿಕೊಂಡೇ 108. ಚರ್ಮದಡಿಯ ನೀಲಿ ಹಸಿರು ಕಲೆ ಮೊಣಕಾಲಿನವರೆಗೆ ಇಳಿದು ಹೆದರಿಸುತ್ತದೆ, ಆದರೆ ಅದು ಬರೀ ಭಾರಕ್ಕೆ ಕೆಳಗಿಳಿದ ಹಳೆಯ ರಕ್ತ. ಅಡಿಕೆ ಗಾತ್ರದ ಗಟ್ಟಿ ಗಂಟೂ ಸಾಮಾನ್ಯವೇ, ಕೆಲವು ವಾರದಲ್ಲಿ ಕರಗುತ್ತದೆ. ಗಂಟು ನಿಂಬೆಯಷ್ಟಾಗುತ್ತಿದ್ದರೆ, ಬೆರಳಿಟ್ಟಾಗ ನಾಡಿಯಂತೆ ಮಿಡಿದರೆ, ಪಕ್ಕದ ಅಪಧಮನಿಗೆ ಸೂಜಿ ತಾಗಿರಬಹುದು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಅದೇ ದಿನ ಆಗಬೇಕು. ಇನ್ನೊಂದು ಕಣ್ಣಿಗೇ ಕಾಣದ ರಕ್ತಸ್ರಾವ: ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನಿನ ಪಕ್ಕದಲ್ಲಿ ತುಂಬಿಕೊಳ್ಳುವುದು. “ಮಲಗಿ ಮಲಗಿ ಬೆನ್ನು ನೋವು” ಎಂದು ಅದನ್ನು ತಳ್ಳಿಹಾಕುತ್ತಾರೆ. ಮಲಗಿದ ನೋವು ದಿಂಬು ಸರಿಸಿದರೆ ಕಡಿಮೆಯಾಗುತ್ತದೆ. ರಕ್ತದ ನೋವು ಯಾವ ಮಗ್ಗುಲಿಗೂ ಬಗ್ಗುವುದಿಲ್ಲ, ಜೊತೆಗೆ ತಣ್ಣನೆ ಬೆವರು, ಏರುವ ನಾಡಿ, ಇಳಿಯುವ ಬಿಪಿ ಇರುತ್ತವೆ.

ಗುಣವಾಗಲು ಹೋಗಿ ಹೆಚ್ಚಾಯಿತೇ?

ಮನೆಗೆ ಬಂದ ಮೊದಲ ವಾರದ ಪ್ರಶ್ನೆಗಳಿಗೆ ಆಸ್ಪತ್ರೆಯ ಕರಪತ್ರದಲ್ಲಿ ಉತ್ತರ ಇರುವುದಿಲ್ಲ. 4-5 ಕಿಲೋಗಿಂತ ಭಾರ ಎತ್ತಬೇಡಿ ಎಂದು ಬರೆದಿರುತ್ತದೆ. 20 ಲೀಟರಿನ ನೀರಿನ ಕ್ಯಾನ್ ಅದರ ನಾಲ್ಕು ಪಟ್ಟು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಎಂದೂ ಹೇಳುವುದಿಲ್ಲ. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಇರುವ ಮನೆಯಲ್ಲಿ ತೊಡೆಸಂದು ದಿನಕ್ಕೆರಡು ಸಲ ಪೂರ್ತಿ ಮಡಚುತ್ತದೆ, ಮೇಲೆ ಮುಕ್ಕುವ ಒತ್ತಡ ಬೇರೆ. ಮೊದಲ ವಾರಕ್ಕಾದರೂ ಕಮೋಡ್ ಕುರ್ಚಿ ಬಾಡಿಗೆಗೆ ತಂದುಕೊಳ್ಳಿ, ಮಲ ಕಟ್ಟದಂತೆ ನೋಡಿಕೊಳ್ಳಿ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಡಿ. ಸ್ಕೂಟರ್ ಕಿಕ್ ಹೊಡೆಯುವುದಂತೂ ಬೇಡವೇ ಬೇಡ. ಊರಿಗೆ ಹೋಗಲೇಬೇಕಾದರೆ ಗಂಟೆ ಗಂಟೆಗೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ನನ್ನನ್ನು ಕೇಳಿದರೆ, ಶಿರಾಡಿ ಘಾಟಿ ಇಳಿಯಬೇಕಾದವರು ಹತ್ತು ದಿನ ಬೆಂಗಳೂರಲ್ಲೇ ನೆಂಟರ ಮನೆಯಲ್ಲಿರುವುದು ಒಳ್ಳೆಯದು.

ಎರಡು ಮೂರನೇ ದಿನ ಎದೆನೋವು ಬರಬಹುದು. ಉಸಿರೆಳೆದರೆ ಚುಚ್ಚುತ್ತದೆ, ಮಲಗಿದರೆ ಹೆಚ್ಚು, ಎದ್ದು ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಸುಟ್ಟ ಕೋಣೆಯ ಹೊರಮೈ ಉರಿಯೂತಗೊಂಡು ಹೃದಯದ ಚೀಲಕ್ಕೆ ಉಜ್ಜುವ ನೋವಿದು. ಪ್ಯಾರಾಸಿಟಮಾಲ್ ಸಾಕಾಗುತ್ತದೆ, ಸಾಲದಿದ್ದರೆ ವೈದ್ಯರು ಕಾಲ್ಚಿಸಿನ್ 0.5 ಮಿಲಿಗ್ರಾಂ ಬರೆಯುತ್ತಾರೆ, ಅದರಿಂದ ಭೇದಿಯಾದೀತು. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಮಾತ್ರ ಮೆಡಿಕಲ್ ಸ್ಟೋರಿನಿಂದ ನೀವಾಗಿ ತರಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅವು ಹೊಟ್ಟೆಯೊಳಗೆ ರಕ್ತ ಸುರಿಸುತ್ತವೆ. ನೋವಿನ ಜೊತೆ ತಲೆ ಸುತ್ತಿ, ಬಿಪಿ ಇಳಿದು, ಉಸಿರು ಸಿಗದಂತಾದರೆ ಚೀಲದಲ್ಲಿ ರಕ್ತ ತುಂಬುತ್ತಿರಬಹುದು. ಅದನ್ನು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಹೇಳಬಲ್ಲದು, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಉಸಿರಾಟಕ್ಕೆ ಸುಲಭದ ಕಾರಣವೂ ಇದೆ. ಬಿಸಿ ಮಾಡುವ ಕ್ಯಾಥೆಟರ್ ಕೊಳವೆಯ ತುದಿ ಕರಕಲಾಗಬಾರದೆಂದು ಅದರೊಳಗಿಂದ ಉದ್ದಕ್ಕೂ ಸಲೈನ್ ಹರಿಸುತ್ತಾರೆ. ಚಿಕಿತ್ಸೆ ಮುಗಿಯುವಾಗ ಒಂದೂವರೆ ಎರಡು ಲೀಟರ್ ಉಪ್ಪುನೀರು ಮೈಯೊಳಗೆ ಉಳಿದಿರಬಹುದು. ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ. ಎರಡು ದಿನದಲ್ಲಿ ಎರಡು ಕಿಲೋ ಏರಿದ್ದರೆ, ಪಾದ ಊದಿದ್ದರೆ, ನೀರು ಇಳಿಸುವ ಮಾತ್ರೆ ಎರಡು ಮೂರು ದಿನ ಬೇಕಾಗುತ್ತದೆ. ಪಲ್ಸ್ಡ್ ಫೀಲ್ಡ್ ಮಾಡಿಸಿಕೊಂಡವರದು ಇದಕ್ಕೆ ತಿರುವುಮುರುವು. ಆ ವಿದ್ಯುತ್ ಹೊಡೆತಕ್ಕೆ ಕೆಂಪು ರಕ್ತಕಣಗಳು ಒಡೆದು ಮೊದಲ ದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಬಹುದು, ಮೂತ್ರಪಿಂಡ ಕಾಪಾಡಲು ಅವರಿಗೆ ಹೆಚ್ಚು ದ್ರವ ಬೇಕು. ಪಕ್ಕದ ಬೆಡ್ಡಿನವರ ಸಲಹೆ ಇದಕ್ಕೇ ಕೆಲಸಕ್ಕೆ ಬಾರದು. ಯಾವ ವಿಧಾನದ ಅಬ್ಲೇಷನ್ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ನೋಡಿ ಕೇಳಿಟ್ಟುಕೊಳ್ಳಿ.

ಇನ್ನು ಬಡಿತ. “ಮುಂಚೆ ವಾರಕ್ಕೊಮ್ಮೆ ಬರ್ತಿತ್ತು, ಈಗ ದಿನಾ ಬರ್ತಿದೆ, ದುಡ್ಡು ಹಾಕಿ ಕಾಯಿಲೆ ಕೊಂಡ ಹಾಗಾಯ್ತು” ಎಂದು ಎರಡನೇ ವಾರದಲ್ಲಿ ಅತ್ತವರಿದ್ದಾರೆ. ಊದಿಕೊಂಡ, ಅರೆಬೆಂದ ಜೀವಕೋಶಗಳು ತಾವೇ ಕಿಡಿ ಹಾರಿಸುತ್ತವೆ. ಹಾಗಾಗಿ ಹಿಂದಿನ ಲೆಕ್ಕದಲ್ಲಿ ಮೂರು ತಿಂಗಳವರೆಗೆ, ಈಗಿನ ತಜ್ಞರ ಒಮ್ಮತದಂತೆ ಎಂಟು ವಾರದವರೆಗೆ, ಬರುವ ಅಡ್ಡಾದಿಡ್ಡಿ ಬಡಿತವನ್ನು ಸೋಲು ಎಂದು ಎಣಿಸುವುದಿಲ್ಲ. ಎಣಿಸುವುದಿಲ್ಲ ಎಂದಮಾತ್ರಕ್ಕೆ ಸುಮ್ಮನಿರಬೇಕೆಂದಲ್ಲ. ಒಂದು ದಿನ ದಾಟಿ ನಿಲ್ಲದ ಬಡಿತಕ್ಕೆ ಕರೆಂಟ್ ಕೊಟ್ಟು ಲಯಕ್ಕೆ ತರಬೇಕಾಗಬಹುದು. ಒಂದು ಲಕ್ಷಣ ಮನೆಯಲ್ಲೇ ಗುರುತಿಸಬಹುದು: ಮೆಟ್ಟಿಲು ಹತ್ತಿದರೂ 140, ಮಲಗಿ ಅರ್ಧ ಗಂಟೆಯಾದರೂ 140, ಎಣಿಕೆ ಅಲುಗುವುದೇ ಇಲ್ಲ, ಬಡಿತ ಮಾತ್ರ ಗಡಿಯಾರದಂತೆ ಸಮ. ಇದು ಹಳೆಯ ಫೈಬ್ರಿಲೇಷನ್ ಇರಲಿಕ್ಕಿಲ್ಲ, ಹೊಸ ಕಲೆಗಳ ಸುತ್ತ ವಿದ್ಯುತ್ತು ಸುತ್ತು ಹೊಡೆಯುವ ಫ್ಲಟರ್ ಇರಬಹುದು. ಮಾತ್ರೆಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ, ಇಸಿಜಿ ಬೇಕು. ಕೈಗಡಿಯಾರದ ಇಸಿಜಿ ಇದ್ದರೆ ಆ ಹೊತ್ತಿನ ಪಟ್ಟಿ ಉಳಿಸಿ ಕಳಿಸಿ. ಇದೆಲ್ಲದರ ನಡುವೆ, ಮೊದಲು 60 ಇದ್ದ ವಿಶ್ರಾಂತ ನಾಡಿ ಈಗ 75-80 ಆಗಿದೆ ಎಂದು ಗಾಬರಿಯಾಗಬೇಡಿ. ಬಡಿತಕ್ಕೆ ಲಗಾಮು ಹಾಕುವ ಸಣ್ಣ ನರಗಂಟುಗಳು ಅದೇ ಗೋಡೆಯ ಮೇಲಿವೆ, ಬೇಲಿ ಹಾಕುವಾಗ ಅವಕ್ಕೂ ಪೆಟ್ಟಾಗಿರುತ್ತದೆ. ತಿಂಗಳುಗಳು ಕಳೆದಂತೆ ಹೆಚ್ಚಿನವರಲ್ಲಿ ಇಳಿಯುತ್ತದೆ.

ಏಕಾದಶಿ ಮತ್ತು ಮಾತ್ರೆಯ ಡಬ್ಬಿ

ರಕ್ತ ತೆಳುವಾಗಿಸುವ ಮಾತ್ರೆ ಕನಿಷ್ಠ ಎರಡು ಮೂರು ತಿಂಗಳು, ಬಡಿತ ಎಷ್ಟೇ ನೆಟ್ಟಗಿದ್ದರೂ. ಹಸಿ ಗಾಯದ ಮೇಲೆ ಹೆಪ್ಪು ಕಟ್ಟುವುದು ಸುಲಭ, ಅಲ್ಲಿಂದ ಹಾರಿದ ಹೆಪ್ಪಿಗೆ ಮಿದುಳು ಹತ್ತಿರದ ದಾರಿ. ಇದು ಎಲ್ಲರಿಗೂ ಗೊತ್ತು, ತಪ್ಪುವುದು ಸಣ್ಣ ವಿಷಯಗಳಲ್ಲಿ. ಈ ಮಾತ್ರೆಗಳಲ್ಲೊಂದಾದ ರಿವರಾಕ್ಸಬಾನ್ 20 ಮಿಲಿಗ್ರಾಂ ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ಹೀರಿಕೊಳ್ಳುವುದಿಲ್ಲ. ಏಕಾದಶಿಯಂದು, ಶ್ರಾವಣದ ಶನಿವಾರ, ರಂಜಾನಿನ ದಿನಗಳಲ್ಲಿ ಬರೀ ನೀರಿನಲ್ಲಿ ನುಂಗಿದ ಮಾತ್ರೆ ಲೆಕ್ಕಕ್ಕೆ ಪೂರ್ತಿ, ರಕ್ತಕ್ಕೆ ಅರೆಬರೆ. ರಂಜಾನಿನಲ್ಲಿ ಇಫ್ತಾರ್ ಊಟದ ಜೊತೆ ತೆಗೆದುಕೊಳ್ಳಬಹುದೇ ಎಂದು ಮೊದಲೇ ಕೇಳಿ. ಈ ಎರಡು ತಿಂಗಳು ಉಪವಾಸ ಬಿಟ್ಟರೆ ದೇವರು ಮುನಿಯುವುದಿಲ್ಲ ಎಂದೇ ನನ್ನ ನಂಬಿಕೆ. ಎಪಿಕ್ಸಬಾನ್ 5 ಮಿಲಿಗ್ರಾಂಗೆ ಊಟದ ಹಂಗಿಲ್ಲ, ಆದರೆ ದಿನಕ್ಕೆ ಎರಡು ಹೊತ್ತು ತಪ್ಪಬಾರದು. ಮರೆತರೆ ನೆನಪಾದಾಗ ಒಂದು, ಎಂದೂ ಎರಡು ಒಟ್ಟಿಗೆ ಬೇಡ. ಡಬಿಗಟ್ರಾನ್ ಕ್ಯಾಪ್ಸೂಲಿಗೆ ತೇವ ಆಗದು. ವಾರದ ದಿನಗಳ ಹೆಸರಿರುವ ಪ್ಲಾಸ್ಟಿಕ್ ಡಬ್ಬಿಗೆ ಬಿಡಿಸಿ ಹಾಕುವ ಅಚ್ಚುಕಟ್ಟಿನವರೇ ಇಲ್ಲಿ ಎಡವುತ್ತಾರೆ, ಅದು ನುಂಗುವವರೆಗೆ ಅದರ ಹಾಳೆಯಲ್ಲೇ ಇರಬೇಕು. ಕ್ಯಾಪ್ಸೂಲ್ ಒಡೆದು ಪುಡಿಯನ್ನು ಮೊಸರಿಗೆ ಬೆರೆಸುವುದೂ ತಪ್ಪು, ಮದ್ದು ಮಿತಿಮೀರಿ ರಕ್ತಕ್ಕಿಳಿಯುತ್ತದೆ. ಸಂಧಿವಾತದ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾದವರಿಗೆ, ಲೋಹದ ಕವಾಟ ಇರುವವರಿಗೆ ಇವ್ಯಾವುವೂ ಇಲ್ಲ, ಅವರದು ಅಸಿಟ್ರಾಮ್ ಅಥವಾ ವಾರ್ಫರಿನ್, ರಕ್ತ ಹೆಪ್ಪುಗಟ್ಟುವ ಹೊತ್ತು ನೋಡುವ ಐಎನ್ಆರ್ ಪರೀಕ್ಷೆ, ದಿನವೂ ಒಂದೇ ಹದದಲ್ಲಿ ಸೊಪ್ಪು.

ಎರಡು ಹೊತ್ತಿನ ಮಾತ್ರೆ ತಪ್ಪಿದ್ದನ್ನು ಮುಚ್ಚಿಡಬೇಡಿ. ಲಯಕ್ಕೆ ತರಲು ಕರೆಂಟ್ ಕೊಡಬೇಕಾಗಿ ಬಂದರೆ ವೈದ್ಯರು ಮೊದಲು ಕೇಳುವುದು ಇದನ್ನೇ. ಮೂರು ವಾರ ಬಿಡದೆ ನುಂಗಿದ್ದರೆ ನೇರ ಕೊಡಬಹುದು. ತಪ್ಪಿದ್ದರೆ ಅನ್ನನಾಳದೊಳಗೆ ಎಕೋ ಇಳಿಸಿ ಹೆಪ್ಪಿಲ್ಲವೆಂದು ನೋಡಿಕೊಂಡೇ ಮುಂದುವರಿಯಬೇಕು, ಮತ್ತು ಹೊಸ ಗಾಯವಿರುವ ದಿನಗಳಲ್ಲಿ ಅನ್ನನಾಳದೊಳಗೆ ಏನನ್ನೂ ಇಳಿಸದಿರುವುದೇ ಕ್ಷೇಮ.

ಗ್ಯಾಸ್ಟ್ರಿಕ್ ಅನ್ನುವ ಪದ

ಕನ್ನಡದಲ್ಲಿ ಎದೆಯುರಿಗೆ, ಹೊಟ್ಟೆಯುಬ್ಬರಕ್ಕೆ, ತೇಗಿಗೆ, ಎದೆನೋವಿಗೆ, ಕೆಲವೊಮ್ಮೆ ಹಾರ್ಟ್ ಅಟ್ಯಾಕಿಗೂ ಒಂದೇ ಪದ ಇದೆ: ಗ್ಯಾಸ್ಟ್ರಿಕ್. ಅಬ್ಲೇಷನ್ ಆದವರ ಮನೆಯಲ್ಲಿ ಎರಡು ತಿಂಗಳ ಮಟ್ಟಿಗೆ ಆ ಪದವನ್ನು ಎತ್ತಿಡಬೇಕು ಎಂದು ನಾನು ಬಲವಾಗಿ ಹೇಳುತ್ತೇನೆ.

ಎಡ ಮೇಲ್ಕೋಣೆಯ ಹಿಂಗೋಡೆಗೆ ಒತ್ತಿಕೊಂಡೇ ಅನ್ನನಾಳ ಇಳಿಯುತ್ತದೆ. ನಡುವಿನ ಅಂತರ ಹಲವರಲ್ಲಿ 5 ಮಿಲಿಮೀಟರಿಗೂ ಕಡಿಮೆ. ಗೋಡೆ ಸುಡುವಾಗ ಬಿಸಿ ಆ ಕಡೆಗೂ ದಾಟಬಹುದು. ಅದಕ್ಕೇ ಅನ್ನನಾಳದೊಳಗೆ ಉಷ್ಣ ಅಳೆಯುವ ತಂತಿ ಇಟ್ಟುಕೊಳ್ಳುತ್ತಾರೆ, ಹಿಂಗೋಡೆಯಲ್ಲಿ ಬಿಸಿ ತಗ್ಗಿಸುತ್ತಾರೆ, ಆಮೇಲೆ ನಾಲ್ಕರಿಂದ ಆರು ವಾರ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಕೊಡುತ್ತಾರೆ. ಆ ಮಾತ್ರೆ “ಗ್ಯಾಸಿಗೆ” ಅಲ್ಲ, ಒಳಗೆ ಬೊಕ್ಕೆ ಎದ್ದಿದ್ದರೆ ಆಮ್ಲ ಅದನ್ನು ಕೊರೆಯದಿರಲಿ ಎಂದು. ಗ್ಯಾಸ್ ಇಲ್ಲವಲ್ಲ ಎಂದು ಹತ್ತನೇ ದಿನ ನಿಲ್ಲಿಸುವವರು ಎಷ್ಟೋ. ಅಪರೂಪಕ್ಕೊಮ್ಮೆ ಆ ಬೊಕ್ಕೆ ದಿನದಿಂದ ದಿನಕ್ಕೆ ಆಳವಾಗಿ ಅನ್ನನಾಳಕ್ಕೂ ಹೃದಯಕ್ಕೂ ನಡುವೆ ತೂತಾಗುತ್ತದೆ. ಎಷ್ಟು ಅಪರೂಪ? ಐದೂವರೆ ಲಕ್ಷ ಅಬ್ಲೇಷನ್‌ಗಳನ್ನು ಒಟ್ಟು ಮಾಡಿ ನೋಡಿದ 2023ರ ಅಧ್ಯಯನದಲ್ಲಿ 138 ಮಂದಿಗೆ, ಸುಮಾರು 4,000ಕ್ಕೆ ಒಬ್ಬರಿಗೆ. ಅರ್ಧದಷ್ಟು ಮಂದಿಗೆ ಲಕ್ಷಣ ಶುರುವಾದದ್ದು ಹದಿನೆಂಟನೇ ದಿನದೊಳಗೆ, ಉಳಿದವರಿಗೆ ಆಮೇಲೆ, ಅಂದರೆ ಮೂರನೇ ವಾರದ ಆಸುಪಾಸು. ಮೂವರಲ್ಲಿ ಇಬ್ಬರು ಬದುಕುಳಿಯಲಿಲ್ಲ. ಪಲ್ಸ್ಡ್ ಫೀಲ್ಡ್ ವಿದ್ಯುತ್ತು ಹೃದಯದ ಸ್ನಾಯುವನ್ನು ಆರಿಸಿ ಹೊಡೆದು ಅನ್ನನಾಳವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ, 17 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಯಲ್ಲಿ ಇಂಥ ಒಂದೂ ತೂತು ಕಂಡಿಲ್ಲ. ಆದರೆ ಬಿಸಿಯ ಅಬ್ಲೇಷನ್ ಇನ್ನೂ ಬಳಕೆಯಲ್ಲಿದೆ.

ಲಕ್ಷಣಗಳೋ ಬೆಂಗಳೂರಿನ ಮಳೆಗಾಲದ ಯಾವ ಮನೆಯಲ್ಲೂ ಇರುವಂಥವೇ. ಜ್ವರ, ಚಳಿ, ನುಂಗುವಾಗ ನೋವು, ಎದೆಯಲ್ಲಿ ಉರಿ. ಆಮೇಲೆ, ಅನ್ನನಾಳದ ಗಾಳಿ ರಕ್ತಕ್ಕೆ ಸೇರಿದಾಗ, ಮಾತು ತೊದಲುವುದು, ಒಂದು ಕೈ ಬೀಳುವುದು, ಫಿಟ್ಸ್.

ಇಂಥದೇ ಒಂದು ಮಧ್ಯಾಹ್ನ, ಬಡಾವಣೆಯೊಂದರ ಕ್ಲಿನಿಕ್ಕು. ಅರವತ್ತು ದಾಟಿದವರೊಬ್ಬರಿಗೆ ಮೂರು ದಿನದಿಂದ 102 ಡಿಗ್ರಿ ಜ್ವರ, ನುಂಗಿದರೆ ಎದೆಯ ನಡುವೆ ಉರಿ. ವೈದ್ಯರು ಆಗಲೇ ಬರೆದಾಗಿತ್ತು: ಅಜಿತ್ರೋಮೈಸಿನ್, ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇರುವ ಕ್ಯಾಪ್ಸೂಲ್, ಮೈಕೈ ನೋವಿಗೆ ಡೈಕ್ಲೋಫಿನ್ಯಾಕ್, ಕಡಿಮೆಯಾಗದಿದ್ದರೆ ನಾಳೆ ಎಂಡೋಸ್ಕೋಪಿ. ಬಾಗಿಲವರೆಗೆ ಹೋದ ಮಗಳು ತಿರುಗಿ, “ಡಾಕ್ಟ್ರೇ, ಅಪ್ಪಂಗೆ ಮೂರು ವಾರದ ಹಿಂದೆ ಹಾರ್ಟಿಗೆ ಒಂದು ಟ್ರೀಟ್‌ಮೆಂಟ್ ಆಗಿತ್ತು, ಆಂಜಿಯೋ ಥರ” ಅಂದಳು. ಯಾವ ಟ್ರೀಟ್‌ಮೆಂಟ್ ಎಂದು ಕೇಳಿದರು, ಅವಳಿಗೆ ಹೆಸರು ಬರಲಿಲ್ಲ. ಫೈಲು ಮನೆಯಲ್ಲಿತ್ತು. ಫೋನಿನಲ್ಲಿ ಒಂದು ಮಸುಕು ಫೋಟೋ ಸಿಕ್ಕಿತು. ವೈದ್ಯರು ಅದನ್ನು ಹಿಗ್ಗಿಸಿ ಓದಿ, ಬರೆದ ಚೀಟಿಯನ್ನು ಹರಿದರು.

ಆ ಚೀಟಿಯಲ್ಲಿ ಏನು ತಪ್ಪಿತ್ತು? ಬರೀ ಜ್ವರದ ರೋಗಿಗೆ ಏನೂ ಇರಲಿಲ್ಲ. ಆದರೆ ಇವರು ಬಡಿತದ ಲಯ ಕಾಯುವ ಅಮಿಯೋಡರೋನ್ ಮಾತ್ರೆಯ ಮೇಲಿದ್ದರು. ಅದು ಪ್ರತಿ ಬಡಿತದ ನಂತರ ಹೃದಯ ಸಜ್ಜಾಗುವ ಹೊತ್ತನ್ನು ಹಿಗ್ಗಿಸುತ್ತದೆ. ಅಜಿತ್ರೋಮೈಸಿನ್ನೂ ಡೊಂಪೆರಿಡೋನ್ನೂ ಅದನ್ನೇ ಮಾಡುತ್ತವೆ, ಮೂರೂ ಸೇರಿದರೆ ಪ್ರಾಣಕ್ಕೇ ಎರವಾಗುವ ಬಡಿತ ಏಳಬಹುದು. ಅವರು ನುಂಗುತ್ತಿದ್ದ ಡಬಿಗಟ್ರಾನ್ ಜೊತೆ ಡೈಕ್ಲೋಫಿನ್ಯಾಕ್ ರಕ್ತಸ್ರಾವಕ್ಕೆ ದಾರಿ. ಎಂಡೋಸ್ಕೋಪಿಯಂತೂ ಎಲ್ಲಕ್ಕಿಂತ ಕೆಟ್ಟದ್ದು. ಒಳಗೆ ಚೆನ್ನಾಗಿ ಕಾಣಲೆಂದು ಅನ್ನನಾಳಕ್ಕೆ ಗಾಳಿ ಊದುತ್ತಾರೆ. ತೂತಿದ್ದರೆ ಆ ಗಾಳಿ ನೇರ ಎಡ ಹೃದಯಕ್ಕೆ, ಅಲ್ಲಿಂದ ಒಂದೆರಡು ಬಡಿತದಲ್ಲಿ ಮಿದುಳಿಗೆ. ಮಾಡಬೇಕಾದ್ದು ರಕ್ತನಾಳಕ್ಕೆ ಮದ್ದು ಹಾಕಿ ತೆಗೆಯುವ ಎದೆಯ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್, ರೋಗಾಣು ಹುಡುಕುವ ರಕ್ತದ ಕಲ್ಚರ್, ಅಲ್ಲಿಯವರೆಗೆ ಬಾಯಿಗೆ ಏನೂ ಇಲ್ಲ, ಹೃದಯದ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಅದೇ ದಿನ. ಮೊದಲ ಸ್ಕ್ಯಾನ್ ಸರಿಯಿದ್ದು ಜ್ವರ ಇಳಿಯದಿದ್ದರೆ ಎರಡನೆಯದೂ ಬೇಕು.

ಅವರ ಸ್ಕ್ಯಾನಿನಲ್ಲಿ ತೂತಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಬಿಳಿಕಣಗಳು ಇಳಿದಿದ್ದವು, ಡೆಂಗಿ ಪಾಸಿಟಿವ್ ಬಂತು. ತೂತಾದವರಲ್ಲಿ ಬಿಳಿಕಣ ಸಾಮಾನ್ಯವಾಗಿ ಏರಿರುತ್ತದೆ, ಡೆಂಗಿಯಲ್ಲಿ ಇಳಿಯುತ್ತದೆ, ಆದರೆ ಅದೊಂದನ್ನೇ ನಂಬಿ ಸ್ಕ್ಯಾನ್ ಬಿಡುವಂತಿಲ್ಲ. ಎದೆಯುರಿಗೆ ಕಾರಣ ಇನ್ನೊಂದು: ಡಬಿಗಟ್ರಾನ್ ಕ್ಯಾಪ್ಸೂಲನ್ನು ರಾತ್ರಿ ಹಾಸಿಗೆಯಲ್ಲೇ ಒರಗಿ ಒಂದು ಗುಟುಕು ನೀರಲ್ಲಿ ನುಂಗುತ್ತಿದ್ದರು. ಅದರೊಳಗೆ ಟಾರ್ಟಾರಿಕ್ ಆಮ್ಲದ ಕಾಳುಗಳಿರುತ್ತವೆ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಡುತ್ತದೆ. ನೆಟ್ಟಗೆ ಕೂತು ಒಂದು ಲೋಟ ನೀರು ಕುಡಿದು, ಅರ್ಧ ಗಂಟೆ ಮಲಗದಿದ್ದರೆ ಆ ಉರಿ ಬರುವುದಿಲ್ಲ. ಆ ಸ್ಕ್ಯಾನಿನ ದುಡ್ಡು ದಂಡ ಎಂದು ಬಂಧುಗಳು ಆಡಿಕೊಂಡರಂತೆ. ದಂಡವಾಗಿರಲಿಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತ ಹೋದಾಗ ರಕ್ತ ತೆಳುವಾಗಿಸುವ ಮಾತ್ರೆ ಮುಂದುವರಿಸಬೇಕೇ, 50,000ದ ಕೆಳಗಿಳಿದರೆ ನಿಲ್ಲಿಸಬೇಕೇ, ನಿಲ್ಲಿಸಿದರೆ ಹಸಿ ಗಾಯದ ಮೇಲೆ ಹೆಪ್ಪುಗಟ್ಟುವುದಿಲ್ಲವೇ ಎಂಬ ಕಷ್ಟದ ತೂಗಾಟವನ್ನು ಅಬ್ಲೇಷನ್ ಮಾಡಿದ ವೈದ್ಯರು ಮತ್ತು ಜ್ವರ ನೋಡುವ ವೈದ್ಯರು ಕೂಡಿ ಮಾಡಬೇಕಿತ್ತು, ಮಾಡಿದರು. ಆ ಮಗಳು ಬಾಗಿಲಲ್ಲಿ ತಿರುಗಿ ಹೇಳದಿದ್ದರೆ ಅಬ್ಲೇಷನ್ ಮಾಡಿದವರಿಗೆ ಡೆಂಗಿಯ ವಿಷಯವೇ ಮುಟ್ಟುತ್ತಿರಲಿಲ್ಲ.

ಹೊಟ್ಟೆಯ ನಿಜವಾದ ತೊಂದರೆಯೂ ಇದೆ, ಅದನ್ನೂ ಹೇಳಬೇಕು. ಅನ್ನನಾಳದ ಮೇಲೆ ಹಬ್ಬಿಕೊಂಡ ವೇಗಸ್ ನರಕ್ಕೆ ಬಿಸಿ ತಾಗಿದರೆ ಜಠರ ಸೋಮಾರಿಯಾಗುತ್ತದೆ. ಒಂದು ಇಡ್ಲಿಗೇ ಹೊಟ್ಟೆ ತುಂಬುತ್ತದೆ, ಮಧ್ಯಾಹ್ನ ಉಂಡದ್ದು ರಾತ್ರಿ ತೇಗಿಗೆ ಬರುತ್ತದೆ. ಜ್ವರ ಇರುವುದಿಲ್ಲ. ಗಂಜಿ, ಮೆತ್ತನೆ ಅನ್ನ, ಸ್ವಲ್ಪಸ್ವಲ್ಪವಾಗಿ ಆರು ಹೊತ್ತು, ಎಣ್ಣೆ ತಿಂಡಿ ದೂರ. ವಾರಗಳಲ್ಲಿ ಸರಿಹೋಗುತ್ತದೆ. ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು ವಪೆ. ಬಲಗಡೆಯ ವಪೆಯ ನರಕ್ಕೆ ಕ್ರಯೋದ ಹಿಮ ತಾಗಿದರೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ, ಅಂಗಾತ ಮಲಗಿದಾಗ ಉಸಿರು ಕಟ್ಟುತ್ತದೆ. ಎಕ್ಸ್‌ರೇಯಲ್ಲಿ ಬಲ ವಪೆ ಮೇಲೆದ್ದಿರುವುದು ಕಾಣುತ್ತದೆ. ಹೆಚ್ಚಿನವರಲ್ಲಿ ಇದೂ ತಿಂಗಳುಗಳಲ್ಲಿ ಮರಳುತ್ತದೆ.

ನಾಲ್ಕನೇ ತಿಂಗಳ ಕೆಮ್ಮು

ಕೊನೆಗೆ ಬರುವುದೊಂದಿದೆ. 1998ರ ನಂತರದ ಮೊದಲ ವರ್ಷಗಳಲ್ಲಿ ಅಭಿಧಮನಿಗಳ ಒಳಗೇ ಸುಡುತ್ತಿದ್ದರು, ಕಲೆ ಮಾಗಿ ಕುಗ್ಗಿದಾಗ ಕೊಳವೆಯೇ ಕಿರಿದಾಗುತ್ತಿತ್ತು. ಆ ಪಾಠ ಕಲಿತು ಈಗ ಬಾಯಿಯ ಹೊರಗೆ ಬೇಲಿ ಹಾಕುತ್ತಾರೆ, ಹಾಗಾಗಿ ಕಡಿಮೆಯಾಗಿದೆ, ಪೂರಾ ಹೋಗಿಲ್ಲ. ಮೂರರಿಂದ ಆರು ತಿಂಗಳಿಗೆ ಬಿಡದ ಕೆಮ್ಮು, ಏದುಸಿರು, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಮಚ್ಚೆ. ನಮ್ಮ ದೇಶದಲ್ಲಿ ಇದನ್ನು ನೋಡಿದ ಯಾವ ವೈದ್ಯರಿಗೂ ಮೊದಲು ಹೊಳೆಯುವುದು ಕ್ಷಯ, ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ಕಫದಲ್ಲಿ ಕ್ಷಯದ ರೋಗಾಣು ಸಿಗದೆಯೇ ಅಂದಾಜಿನ ಮೇಲೆ ಮದ್ದು ಶುರುವಾದರೆ ಅನಾಹುತ ಇಮ್ಮಡಿ: ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಎಪಿಕ್ಸಬಾನ್, ರಿವರಾಕ್ಸಬಾನ್‌ಗಳ ಬಲವನ್ನು ಕುಗ್ಗಿಸಿಬಿಡುತ್ತದೆ. ಮಾತ್ರೆ ನುಂಗುತ್ತಲೇ ಇರುತ್ತಾರೆ, ಲಕ್ವ ಹೊಡೆಯುತ್ತದೆ. ಅಬ್ಲೇಷನ್ ಆಗಿತ್ತೆಂದು ಗೊತ್ತಾದರೆ ಶ್ವಾಸಕೋಶದ ಅಭಿಧಮನಿಗಳ ಸಿಟಿ ಸ್ಕ್ಯಾನ್ ಒಂದರಲ್ಲಿ ಉತ್ತರ ಸಿಗುತ್ತದೆ, ಕಿರಿದಾದ ಕೊಳವೆಯನ್ನು ಬಲೂನಿನಿಂದ, ಬೇಕಾದರೆ ಸ್ಟೆಂಟಿನಿಂದ ಹಿಗ್ಗಿಸಬಹುದು.

ಜೇಬಿನ ಚೀಟಿ

ದಪ್ಪ ಫೈಲನ್ನು ಯಾರೂ ಎಲ್ಲೆಡೆ ಹೊತ್ತು ತಿರುಗಲಾರರು. ಅಂಗೈಯಗಲದ ಒಂದು ರಟ್ಟು ಸಾಕು, ಫೋನಿನ ಕವರಿನೊಳಗೆ ಕೂರುವಷ್ಟು. ವಾರ್ಡ್ ಬಿಡುವ ಮುಂಚೆಯೇ ಅಲ್ಲಿನ ವೈದ್ಯರ ಕೈಲಿ ತುಂಬಿಸಿಕೊಳ್ಳಿ. ಅಬ್ಲೇಷನ್ ಆದ ದಿನಾಂಕ. ಎಡ ಮೇಲ್ಕೋಣೆಯಲ್ಲಿ ಆದದ್ದೇ, ಬಿಸಿಯೇ, ಹಿಮವೇ, ಪಲ್ಸ್ಡ್ ಫೀಲ್ಡೇ. ನುಂಗುತ್ತಿರುವ ಬಡಿತದ ಮಾತ್ರೆ, ರಕ್ತದ ಮಾತ್ರೆ, ಎರಡರದೂ ಅಳತೆ. ಹಗಲು ರಾತ್ರಿ ಎತ್ತುವ ಒಂದು ಫೋನ್ ನಂಬರು. ಅದರ ಕೆಳಗೆ ಕೆಂಪು ಶಾಯಿಯಲ್ಲಿ: ಈ ದಿನಾಂಕದಿಂದ 60 ದಿನದೊಳಗೆ ಜ್ವರ, ನುಂಗಲು ನೋವು, ಎದೆನೋವು, ತೊದಲು ಕಂಡರೆ ಎಂಡೋಸ್ಕೋಪಿ ಬೇಡ, ಎದೆಯ ಕಾಂಟ್ರಾಸ್ಟ್ ಸಿಟಿ ಮಾಡಿ, ನಮಗೆ ಫೋನ್ ಮಾಡಿ. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ಊರಿನ ವೈದ್ಯರಿಗೂ ಮೊದಲೇ ಒಂದು ಪ್ರತಿ ಕೊಟ್ಟಿಡಿ, ಸಿರ್ಸಿಯಲ್ಲೋ ಚಳ್ಳಕೆರೆಯಲ್ಲೋ ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆಯುವವರು ಅವರೇ.

ರಟ್ಟಿನ ಹಿಂಬದಿ ಖಾಲಿ ಬಿಡಿ. ಅಲ್ಲಿ ದಿನವೂ ಪೆನ್ಸಿಲಿನಲ್ಲಿ ಬರೆದು ಅಳಿಸಬೇಕಾದ್ದು ಒಂದೇ ಸಾಲು, ರಕ್ತದ ಮಾತ್ರೆ ಕೊನೆಯ ಸಲ ನುಂಗಿದ ಹೊತ್ತು. ಬಾಯಿ ಸೊಟ್ಟಗಾಗಿ, ಮಾತು ನಿಂತು ಆಸ್ಪತ್ರೆ ಸೇರಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಕಾಲ ನಾಲ್ಕೂವರೆ ಗಂಟೆ. ಅದನ್ನು ಕೊಡಬಹುದೇ, ಇಲ್ಲವೇ ತಂತಿ ಹಾಕಿ ಹೆಪ್ಪು ಎಳೆದು ತೆಗೆಯಬೇಕೇ ಎಂದು ನಿರ್ಧರಿಸುವ ಮುಂಚೆ ವೈದ್ಯರು ಕೇಳುವುದು ಆ ಹೊತ್ತನ್ನೇ, ಮತ್ತು ಅದನ್ನು ಬಲ್ಲವರು ಆಗ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ.